ನಮ್ಮ ಮನೆಯ ಅರ್ಜುನನಿಗೊಂದು ಲೋಹಶೋಧಕ

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಟೆಯಾಡುವವಳಲ್ಲ. ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು; ಕೇಕಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಯೇ ಕೈಚಾಚುವವಳು. ಮದುವೆಯಾದದ್ದು ಮಾತ್ರ ವಿರಾಜಪೇಟೆಯವರನ್ನು. ಹದಿನಾಲ್ಕು ವರ್ಷದಿಂದ ಮಿಷಿಗನ್ನಿನಲ್ಲಿದ್ದೇವೆ. ಲ್ಯಾನ್ಸಿಂಗಿನಿಂದ ಉತ್ತರಕ್ಕೆ, ಪುದೀನಾ ಬೆಳೆಗೆ ಹೆಸರಾದ ಸೇಂಟ್ ಜಾನ್ಸ್ ಎಂಬ ಊರಿನ ಹತ್ತಿರ. ಇವರ ಅಜ್ಜನ ಬೇಟೆಯ ಕತೆಗಳು 1972ರ ವನ್ಯಜೀವಿ ಕಾಯ್ದೆಯೊಂದಿಗೆ ಕೊಡಗಿನಲ್ಲಿ ಮುಗಿದುಹೋದವು. ಈಗ ಅಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಇಲ್ಲಿ ಪರವಾನಗಿ ಪಡೆದರೆ ಬಿಲ್ಲು ಬಾಣದಿಂದ ಜಿಂಕೆ ಬೇಟೆ ಕಾನೂನಿನೊಳಗೇ ಇದೆ ಎಂದು ಗೊತ್ತಾದದ್ದೇ ತಡ, ಇವರೊಳಗೆ ಮಲಗಿದ್ದ ಅಜ್ಜ ಎದ್ದು ಕುಳಿತ. ಗ್ಯಾರೇಜಿನ ಫ್ರೀಜರ್ ಅವರದು, ಅಡುಗೆಮನೆಯ ಫ್ರಿಜ್ ನನ್ನದು. ಈ ಗಡಿಯನ್ನು ಇಬ್ಬರೂ ಮೀರುವುದಿಲ್ಲ.

ಹಾಗಿದ್ದ ಮೇಲೆ ಕಳೆದ ಬಾಣ ಹುಡುಕುವ ಲೋಹಶೋಧಕದ ಬಗ್ಗೆ ನಾನೇಕೆ ಬರೆಯಬೇಕು? ಮನೆಯ ಲೆಕ್ಕ ಬರೆಯುವವಳು ನಾನು, ಅದಕ್ಕೆ.

ಹೋದ ವರ್ಷದ ಕೊನೆಗೆ ಪುಸ್ತಕ ತೆರೆದು ಕೂಡಿಸಿದೆ. ಕಾರ್ಬನ್ ಬಾಣ ಒಂದಕ್ಕೆ 15 ಡಾಲರ್. ಬೇಟೆಗೆ ಹೋಗುವಾಗ ಅದರ ತುದಿಗೆ ತಿರುಪುವ, ಕ್ಷೌರದ ಬ್ಲೇಡಿನಂಥ ಅಲಗುಗಳಿರುವ ಮೊನೆ (ಇಲ್ಲಿ ಎಲ್ಲರೂ ಬ್ರಾಡ್‌ಹೆಡ್ ಎನ್ನುತ್ತಾರೆ) ಮೂರಕ್ಕೆ 40 ಡಾಲರ್. ಅಭ್ಯಾಸದ ಮೊಂಡು ಮೊನೆ ಅಗ್ಗ, ಒಂದು ಡಾಲರ್ ಆಸುಪಾಸು. ಆ ವರ್ಷ ಕಳೆದುಹೋದ ಬಾಣಗಳು ಒಂಬತ್ತು. ನಾಲ್ಕು ಅಭ್ಯಾಸದಲ್ಲಿ, ಐದು ಕಾಡಂಚಿನಲ್ಲಿ. ಒಟ್ಟು ಇನ್ನೂರು ಡಾಲರ್ ದಾಟಿತ್ತು. "ಅರ್ಜುನನ ಬತ್ತಳಿಕೆ ಅಕ್ಷಯ, ನಮ್ಮದಲ್ಲ" ಎಂದೆ. "ಅರ್ಜುನನ ಹೆಂಡತಿ ಬಾಣ ಎಣಿಸುತ್ತಿರಲಿಲ್ಲ" ಎಂಬ ಉತ್ತರ ಬಂತು.

ಆದರೆ ನನ್ನನ್ನು ನಿಜವಾಗಿ ಹೊಲಕ್ಕಿಳಿಸಿದ್ದು ದುಡ್ಡಲ್ಲ, ದನ. ಇವರು ಬಿಲ್ಲು ಹಿಡಿದು ಕೂರುವುದು ಪರಿಚಯದ ರೈತರೊಬ್ಬರ ಜಾಗದಲ್ಲಿ. ಎಪ್ಪತ್ತು ದಾಟಿದ ಯಜಮಾನರು, ಹಾಲಿನ ಹಸು ಸಾಕಿದ್ದಾರೆ, ಅವಕ್ಕಾಗಿ ಕುದುರೆ ಮಸಾಲೆ ಸೊಪ್ಪು ಬೆಳೆದು ಒಣಗಿಸಿ ಕಟ್ಟುತ್ತಾರೆ. ಅಂಥ ಹುಲ್ಲಿನೊಳಗೆ ಒಂದು ಬ್ರಾಡ್‌ಹೆಡ್ ಉಳಿದು, ಕೊಯ್ಯುವ ಯಂತ್ರಕ್ಕೆ ಸಿಕ್ಕಿ, ಚೂರಾಗಿ, ಕಂತೆಯೊಳಗೆ ಸೇರಿದರೆ? ಹಸು ಆರಿಸಿ ತಿನ್ನುವ ಪ್ರಾಣಿಯಲ್ಲ. ಗಬಗಬನೆ ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಗೌರಿ ಎಂಬ ಹಸು ತಂತಿಯ ಚೂರು ನುಂಗಿ, ಬೆನ್ನು ಕಮಾನು ಮಾಡಿಕೊಂಡು, ಮೇವು ಬಿಟ್ಟು ಹತ್ತು ದಿನ ನರಳಿ ಸತ್ತದ್ದು ನಾನು ಐದನೆಯ ಕ್ಲಾಸಿನಲ್ಲಿದ್ದಾಗ. ಇಲ್ಲಿನ ಹೈನುಗಾರರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಬೆರಳುದ್ದದ ಅಯಸ್ಕಾಂತವನ್ನು ಹಸುವಿಗೆ ನುಂಗಿಸಿಬಿಡುತ್ತಾರೆ. ಅದು ಎರಡನೆಯ ಹೊಟ್ಟೆಯಲ್ಲೇ ಕೂತು, ಬಂದ ಮೊಳೆ ತಂತಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಜಮಾನರು ಅಂಥದೊಂದನ್ನು ನನ್ನ ಅಂಗೈಯಲ್ಲಿಟ್ಟು ತೋರಿಸಿದಾಗ ಗೌರಿಯ ನೆನಪಾಗಿ ಮಾತು ಹೊರಡಲಿಲ್ಲ. ಆ ಸಂಜೆಯೇ ಹೇಳಿದೆ: "ಬಿಟ್ಟ ಬಾಣವನ್ನು ತಂದೇ ಮನೆಗೆ ಬರಬೇಕು. ಇಲ್ಲದಿದ್ದರೆ ಬಿಲ್ಲು ಗೋಡೆಗೆ."

ಬಾಣ ಕಳೆಯುವುದಾದರೂ ಹೇಗೆ ಎಂದು ಕೇಳುವವರಿಗೆ: ಅದು ನೆಟ್ಟಗೆ ನೆಲಕ್ಕೆ ನಾಟಿ ನಿಂತರೆ ಹುಡುಕುವ ಮಾತೇ ಇಲ್ಲ. ಮಟ್ಟವಾಗಿ ಹಾರಿ ಗುರಿ ತಪ್ಪಿದ ಬಾಣ ಹುಲ್ಲಿನ ಬುಡಕ್ಕೆ ನುಗ್ಗಿ, ಕೇರೆ ಹಾವು ದರಕಿನಡಿ ಸರಿದಂತೆ ನೆಲಕ್ಕಂಟಿಕೊಂಡು ಸರಿಯುತ್ತದೆ. ಮೇಲಿನ ಹುಲ್ಲು ಮತ್ತೆ ಕೂಡಿಕೊಳ್ಳುತ್ತದೆ. ಗುರಿಹಲಗೆಯಿಂದ ಮೂವತ್ತು ಹೆಜ್ಜೆ ಆಚೆ, ಅದರ ಮೇಲೆಯೇ ನಿಂತಿದ್ದರೂ ಕಾಣುವುದಿಲ್ಲ. ಗರಿಗೆ ಎಷ್ಟೇ ಕಿತ್ತಳೆ ಬಣ್ಣ ಬಳಿದಿರಲಿ, ಅಕ್ಟೋಬರಿನ ಮೇಪಲ್ ಎಲೆಯೂ ಅದೇ ಬಣ್ಣ.

ಮೊದಲು ಕೊಂಡದ್ದು ಮೂವತ್ತೈದು ಡಾಲರಿನ ಒಂದು ಆಟಿಕೆ. ಯಾರು ಮಾಡಿದ್ದೆಂದು ಹೇಳುವುದಿಲ್ಲ, ಅದರ ಪೆಟ್ಟಿಗೆಯ ಮೇಲೆ ನಿಧಿಯ ಚಿತ್ರವಿತ್ತು ಎಂದರೆ ಸಾಕು. ಕೋಲೆ ಬಸವನಂತೆ ಎಲ್ಲದಕ್ಕೂ ತಲೆಯಾಡಿಸುತ್ತಿತ್ತು. ಒದ್ದೆ ಮಣ್ಣಿಗೂ ಕೂಗು, ಕಲ್ಲಿಗೂ ಕೂಗು. ಈಗ ಮಗಳ ಗೆಳತಿಯ ತಮ್ಮನ ಬಳಿ ಇದೆ, ಅವನು ಸುಖವಾಗಿದ್ದಾನೆ.

ಎರಡನೆಯದು ಈ ವಿಮರ್ಶೆಯ ನಾಯಕ: ಗ್ಯಾರೆಟ್ ಏಸ್ 250. ಹಳೆಯ ಮಾದರಿ, ನಾನು ಕೊಂಡದ್ದೂ ಬಳಸಿದ್ದನ್ನೇ, 90 ಡಾಲರಿಗೆ. ಟೆಕ್ಸಾಸಿನ ಗಾರ್ಲೆಂಡಿನಲ್ಲಿರುವ ಈ ಕಂಪನಿಯನ್ನು ಚಾರ್ಲ್ಸ್ ಗ್ಯಾರೆಟ್ ಮತ್ತು ಅವರ ಪತ್ನಿ ಎಲಿನಾರ್ 1964ರಲ್ಲಿ ಶುರುಮಾಡಿದರು. ವಿಮಾನ ನಿಲ್ದಾಣದ ಭದ್ರತಾ ಬಾಗಿಲುಗಳನ್ನೂ ಮೈ ತಡವುವ ಕೈಯಂತ್ರಗಳನ್ನೂ ಅವರು ಮಾಡುತ್ತಾರೆ. ನಮ್ಮ ಯಂತ್ರ ಹಳದಿ ಮುಖದ್ದು, ತೂಕ ಒಂದೂಕಾಲು ಕಿಲೋದಷ್ಟು, ನಾಲ್ಕು ಸಣ್ಣ ಸೆಲ್ ಹಾಕಿದರೆ ಆಯಿತು. ಏಪ್ರಿಲಿನಲ್ಲಿ ಹಾಕಿದ್ದನ್ನು ಆಗಸ್ಟಿನಲ್ಲಿ ಬದಲಾಯಿಸಿದೆ. ಕೋಲಿನ ಕೆಳತುದಿಯಲ್ಲಿ ನೆಲದ ಮೇಲೆ ಆಡಿಸುವ ತಟ್ಟೆ ಒದ್ದೆಯಾದರೆ, ನೀರಿನಲ್ಲಿ ಮುಳುಗಿದರೆ ಚಿಂತೆಯಿಲ್ಲ. ಮೇಲಿನ ಪೆಟ್ಟಿಗೆಗೆ ಮಾತ್ರ ಮಳೆ ತಾಗಬಾರದು. ನಾನು ಅದಕ್ಕೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಕಟ್ಟುತ್ತೇನೆ.

ಕೆಲಸ ಮಾಡುವ ಬಗೆಯನ್ನು ಇಂಡಕ್ಷನ್ ಒಲೆ ಗೊತ್ತಿರುವವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ತಟ್ಟೆಯೊಳಗಿನ ತಂತಿಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 6500 ಸಲ ಹಿಂದುಮುಂದಾಗುತ್ತದೆ. ಆ ಕಾಂತಕ್ಷೇತ್ರಕ್ಕೆ ಲೋಹ ಸಿಕ್ಕರೆ ಅದರಲ್ಲಿ ಪುಟ್ಟ ವಿದ್ಯುತ್ ಸುಳಿ ಹುಟ್ಟುತ್ತದೆ. ಒಲೆ ಆ ಸುಳಿಯಿಂದ ಪಾತ್ರೆ ಕಾಯಿಸುತ್ತದೆ. ಈ ಯಂತ್ರ ಅದರ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ಗಾಜಿನ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ತಣ್ಣಗೇ ಇರುತ್ತದಲ್ಲ, ಹಾಗೆಯೇ ಬಾಣದ ಪ್ಲಾಸ್ಟಿಕ್ ಗರಿ, ಪ್ಲಾಸ್ಟಿಕ್ ಹಿಂಬದಿ ಇದಕ್ಕೆ ಇಲ್ಲದ ಲೆಕ್ಕ.

ಕಾರ್ಬನ್ ಕಡ್ಡಿ? ಇದನ್ನು ಅಂಗಳದಲ್ಲೇ ಪರೀಕ್ಷಿಸಿದೆ, ಏಕೆಂದರೆ ಕೊಳ್ಳುವ ಮೊದಲು ಯಾರೂ ಸರಿಯಾಗಿ ಹೇಳಿರಲಿಲ್ಲ. ಮೊನೆ ತೆಗೆದ ಬರಿಯ ಕಡ್ಡಿಯನ್ನು ಹುಲ್ಲಿನ ಮೇಲಿಟ್ಟು ತಟ್ಟೆ ಆಡಿಸಿದೆ. ಮೌನ. ತುದಿಯಲ್ಲಿ ಮೊನೆ ತಿರುಪಲು ಅಂಟಿಸಿರುವ ಚಿಕ್ಕ ಅಲ್ಯೂಮಿನಿಯಂ ಕೊಳವೆ ಇರುವ ಕಡ್ಡಿಯಾದರೆ, ತಟ್ಟೆ ತೀರಾ ಹತ್ತಿರ ಬಂದಾಗ ಕೆಮ್ಮಿದಂಥ ಒಂದು ಸದ್ದು. 100 ಗ್ರೇನಿನ, ಅಂದರೆ ಆರೂವರೆ ಗ್ರಾಂ ತೂಕದ ಉಕ್ಕಿನ ಮೊನೆ ಹಾಕಿದಾಗ ಸ್ಪಷ್ಟವಾಗಿ "ಗುಂ". ಪೂರ್ತಿ ಅಲ್ಯೂಮಿನಿಯಂ ಬಾಣಕ್ಕೆ ಮಾತ್ರ ಉದ್ದಕ್ಕೂ ಹಾಡು. ಹಾಗಾಗಿ ಕಾರ್ಬನ್ ಬಾಣ ಬಳಸುವವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು: ನೀವು ಹುಡುಕುತ್ತಿರುವುದು ಎರಡೂಕಾಲು ಅಡಿಯ ಬಾಣವನ್ನಲ್ಲ, ಅದರ ಮೂಗಿನಲ್ಲಿರುವ ನತ್ತನ್ನು. ಮೊನೆ ಮುರಿದು ಎಲ್ಲೋ ಬಿದ್ದಿದ್ದರೆ ಕಡ್ಡಿಯನ್ನು ಕಣ್ಣಿನಿಂದಲೇ ಹುಡುಕಬೇಕು.

ಮೊದಲ ವಾರಾಂತ್ಯ ನಾವು ಮಾಡಿದ ತಪ್ಪು ಇನ್ನೊಂದು. ಯಂತ್ರದಲ್ಲಿ ಐದು ಬಗೆಯ ಹುಡುಕಾಟಗಳಿವೆ: ಎಲ್ಲ ಲೋಹ, ಆಭರಣ, ಹಳೆಯ ವಸ್ತು, ನಾಣ್ಯ, ಮತ್ತೆ ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ಒಂದು. ಮಾರಿದಾತ ನಾಣ್ಯದಲ್ಲಿ ಇಟ್ಟುಕೊಟ್ಟಿದ್ದ. ನಾಣ್ಯ ಹುಡುಕುವವರಿಗೆ ಕಬ್ಬಿಣದ ಮೊಳೆ ಕಿರಿಕಿರಿ, ಆದ್ದರಿಂದ ಆ ಬಗೆಯಲ್ಲಿ ಕಬ್ಬಿಣಕ್ಕೆ ಯಂತ್ರ ಕಿವಿ ಮುಚ್ಚಿಕೊಳ್ಳುತ್ತದೆ. ನಮ್ಮ ಮೊನೆಯೋ ಉಕ್ಕಿನದು. ಮೂರು ಗಂಟೆ ಹೊಲ ಸುತ್ತಿ ಸಿಕ್ಕದ್ದು ಒಂದು ಹಳೆಯ ಕಾಸು, ಎರಡು ಹಿತ್ತಾಳೆ ತೋಟಾ. ಮನೆಗೆ ಬಂದು ಕೈಪಿಡಿ ಓದಿದ ಮೇಲೆ ಹಣೆ ಚಚ್ಚಿಕೊಂಡೆ. ಬಾಣಕ್ಕೆ "ಎಲ್ಲ ಲೋಹ" ಒಂದೇ ದಾರಿ; ಉಳಿದ ನಾಲ್ಕು ಬಗೆಗಳನ್ನು ಮುಟ್ಟಬೇಡಿ. ಕಬ್ಬಿಣಕ್ಕೆ ತಗ್ಗಿನ ಸದ್ದು, ನಡುವಿನದಕ್ಕೆ ಮಧ್ಯಮ, ಬೆಳ್ಳಿ ತಾಮ್ರಗಳಿಗೆ ಗಂಟೆ ಹೊಡೆದಂತೆ. ಜನ ಗಂಟೆಗಾಗಿ ಕಾಯುತ್ತಾರೆ. ನಾನು ಆ ತಗ್ಗಿನ ಸದ್ದಿಗೆ ಕಿವಿ ಪಳಗಿಸಿಕೊಂಡೆ. ಬೇಲಿಯ ತಂತಿ, ಮೊಳೆ, ಬಾಣದ ಮೊನೆ ಮೂರೂ ಅದರಲ್ಲೇ ಬರುತ್ತವೆ. ಹಾಗಾಗಿ ತೋಡಿ ನೋಡದೆ ಗತಿಯಿಲ್ಲ.

ಅಂದ ಹಾಗೆ, "ಎಲ್ಲ ಲೋಹ"ಕ್ಕೆ ಬದಲಾಯಿಸಿದ ಮೊದಲ ದಿನ ನಾಲ್ಕು ಹೆಜ್ಜೆಗೊಂದು ಬಾಣ ಸಿಕ್ಕಂತೆ ಯಂತ್ರ ಕೂಗಿದ್ದಕ್ಕೆ ಕಾರಣ ಇವರ ಬೂಟು. ತುದಿಯಲ್ಲಿ ಉಕ್ಕಿನ ಟೋಪಿ. ಈಗ ರಬ್ಬರ್ ಬೂಟು ಕಡ್ಡಾಯ.

ಹುಡುಕಲು ಒಳ್ಳೆಯ ಕಾಲ ಏಪ್ರಿಲ್. ಹಿಮ ಕರಗಿದ ಮೇಲೆ ಹುಲ್ಲು ಚಾಪೆ ಹಾಸಿದಂತೆ ನೆಲಕ್ಕೊತ್ತಿರುತ್ತದೆ, ಹೊಸ ಚಿಗುರು ಇನ್ನೂ ಎದ್ದಿರುವುದಿಲ್ಲ, ತಟ್ಟೆಯನ್ನು ಒಂದಂಗುಲ ಎತ್ತರದಲ್ಲಿ ಮಟ್ಟಸವಾಗಿ ಆಡಿಸಬಹುದು. ಈ ಎತ್ತರ ಬಹಳ ಮುಖ್ಯ. ಆರೂವರೆ ಗ್ರಾಂ ಮೊನೆಗೆ ನಮ್ಮ ಯಂತ್ರ ನಾಲ್ಕೈದು ಅಂಗುಲದಾಚೆ ಭರವಸೆಯಿಂದ ಏನೂ ಹೇಳುವುದಿಲ್ಲ. ಮೊಣಕಾಲೆತ್ತರದ ಹುಲ್ಲಿನ ಮೇಲೆ ತಟ್ಟೆ ತೇಲಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ತೋಟದಲ್ಲಿ ಕತ್ತಿ ಕಳೆದಾಗ ಅಪ್ಪಯ್ಯ ಮಾಡುತ್ತಿದ್ದದ್ದನ್ನೇ ಇಲ್ಲಿಯೂ ಮಾಡುತ್ತೇನೆ. ಕೊನೆಯ ಸಲ ಎಲ್ಲಿ ನಿಂತಿದ್ದೆ, ಯಾವ ಕಡೆ ಮುಖವಿತ್ತು ಎಂದು ಕೇಳಿ, ಅಲ್ಲಿಂದ ಗುರಿಯವರೆಗೆ ಹಗ್ಗ ಎಳೆದು, ಗುರಿಯಾಚೆಗೂ ಅದೇ ಗೆರೆಯನ್ನು ಮುಂದುವರಿಸುವುದು. ಗೆರೆಯ ಎರಡೂ ಬದಿ ಮಾರಗಲ. ಪ್ರತಿ ಬೀಸು ಹಿಂದಿನ ಬೀಸಿನ ಅರ್ಧವನ್ನು ಮತ್ತೆ ಮುಟ್ಟಬೇಕು. ಗೆರೆಯಿಲ್ಲದೆ ಹೊಲವಿಡೀ ಅಲೆಯುವವರಿಗೆ ಸಾವಿರ ಡಾಲರಿನ ಯಂತ್ರವೂ ಊರುಗೋಲಷ್ಟೇ.

ಈ ವಸಂತದಲ್ಲಿ ಹಾಗೆ ಹುಡುಕಿ ಹೋದ ವರ್ಷದ ಒಂಬತ್ತರಲ್ಲಿ ಆರು ಸಿಕ್ಕವು. ಒಂದರ ಅಲಗಿನ ಮೇಲೆ ತುಕ್ಕು ಹೂಬಿಟ್ಟಿತ್ತು, ಆದರೂ ಎಲೆಯನ್ನು ಮುಟ್ಟಿಸಿದರೆ ಸರಕ್ಕನೆ ಸೀಳಿತು. ಅದು ಬಿದ್ದಿದ್ದದ್ದು ಕೊಯ್ಲಿನ ಸಾಲಿನಲ್ಲೇ.

ಅಕ್ಟೋಬರಿನ ಎರಡನೆಯ ಶನಿವಾರದ ಕತೆ ಹೇಳಲೇಬೇಕು. ಹಿಂದಿನ ಸಂಜೆ ಇವರು ಮುಖ ಸಣ್ಣದು ಮಾಡಿಕೊಂಡು ಬಂದಿದ್ದರು. ಕಾಡಂಚಿನ ಓಕ್ ಮರಕ್ಕೆ ಒರಗಿಸಿದ ಏಣಿ ಅಟ್ಟದ ಮೇಲಿಂದ ಬಾಣ ಬಿಟ್ಟಿದ್ದಾರೆ. ಜಿಂಕೆ ನೆಗೆದು ಓಡಿದೆ. ತಗುಲಿತೋ ಇಲ್ಲವೋ ಕತ್ತಲಲ್ಲಿ ತಿಳಿದಿಲ್ಲ. ಇಂಥ ಹೊತ್ತಿನಲ್ಲಿ ಬಾಣವೇ ಪಂಚಾಂಗ. ಅದರ ಮೇಲೆ ನೊರೆ ನೊರೆಯಾದ ತಿಳಿಗೆಂಪು ನೆತ್ತರಿದ್ದರೆ ಶ್ವಾಸಕೋಶ, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಾದರೆ ಪಿತ್ತಜನಕಾಂಗ. ಹಸಿರು ಕಲೆ, ದುರ್ವಾಸನೆ ಇದ್ದರೆ ಕರುಳು. ಗಂಟೆಗಟ್ಟಲೆ ಕಾಯದೆ ಬೆನ್ನಟ್ಟಿದರೆ ಅದು ನರಳುತ್ತಲೇ ಮೈಲಿಗಟ್ಟಲೆ ಹೋಗಿಬಿಡುತ್ತದೆ. ಇವನ್ನೆಲ್ಲ ತಿಳಿದುಕೊಳ್ಳುವುದು ನನಗೆ ಇಷ್ಟವಿರಲಿಲ್ಲ. ಗಾಯಗೊಂಡ ಪ್ರಾಣಿಯೊಂದು ರಾತ್ರಿಯಿಡೀ ಎಲ್ಲೋ ಮಲಗಿದೆಯೇನೋ ಎಂಬ ಯೋಚನೆ ಅದಕ್ಕಿಂತ ಇಷ್ಟವಿರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಬೆಳಕು ಹರಿಯುತ್ತಲೇ ಹೊರಟೆವು.

ಅಟ್ಟದ ಬುಡದಲ್ಲಿ ಯಂತ್ರಕ್ಕೆ ಭೂತ ಹಿಡಿದಂತಾಯಿತು. ಏಣಿ ಪೂರಾ ಉಕ್ಕಿನದು. ಅದರ ಹತ್ತಿರ ಇಂಥ ಯಂತ್ರಕ್ಕೆ ಬೇರೇನೂ ಕೇಳಿಸುವುದಿಲ್ಲ. ಇದು ಹಳೆಯ ರಗಳೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೇ ಒಂದು ಲೋಹಶೋಧಕ ಕಟ್ಟಿ ತಂದಿದ್ದರು. ಯಂತ್ರ ಎಲ್ಲಿ ಹಿಡಿದರೂ ಗುಂಯ್‌ಗುಟ್ಟಿತು. ರೋಗಿ ಮಲಗಿದ್ದ ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವು; ವೈದ್ಯರು ಹುಡುಕಲು ಬಿಟ್ಟದ್ದು ಬಲಬದಿಯನ್ನು ಮಾತ್ರ, ಗುಂಡಿದ್ದದ್ದು ಎಡಕ್ಕೆ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ನಮ್ಮ ಏಣಿಯ ಮುಂದೆ ನಿಂತು ನಾನು ಇದನ್ನು ಇವರಿಗೆ ಹೇಳುತ್ತಿದ್ದರೆ, "ಮೊದಲು ಬಾಣ ಹುಡುಕು ಮಾರಾಯ್ತಿ, ಇತಿಹಾಸ ಆಮೇಲೆ" ಎಂದರು.

ಏಣಿಯಿಂದ ಎರಡು ಮಾರು ಸರಿದ ಮೇಲೆ ಯಂತ್ರ ಶಾಂತವಾಯಿತು. ಬೇಲಿಯ ಒಂದು ಕೊಕ್ಕೆಮೊಳೆ ಸಿಕ್ಕಿತು. ಆಮೇಲೆ ಜಿಂಕೆ ನಿಂತಿತ್ತೆಂದು ಇವರು ತೋರಿಸಿದ ಜಾಗದಿಂದ ಹನ್ನೊಂದು ಹೆಜ್ಜೆ ಆಚೆ, ಓಕ್ ಎಲೆಗಳ ಗುಪ್ಪೆಯ ಮೇಲೆ, "ಗುಂ". ಎಡದಿಂದ ಬೀಸಿದರೂ ಗುಂ, ಬಲದಿಂದ ಬೀಸಿದರೂ ಅದೇ ಜಾಗದಲ್ಲಿ ಗುಂ. ಕಸವಾದರೆ ಸದ್ದು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹರಿದುಹೋಗುತ್ತದೆ. ಜಾಗವನ್ನು ಕರಾರುವಾಕ್ಕಾಗಿ ತೋರಿಸುವ ಗುಂಡಿಯನ್ನು ಒತ್ತಿ ಹಿಡಿದು ತಟ್ಟೆಯನ್ನು ಶಿಲುಬೆಯಾಕಾರದಲ್ಲಿ ನಿಧಾನಕ್ಕೆ ಸರಿಸಿದೆ. ಕೈ ಹಾಕಲಿಲ್ಲ, ಬ್ರಾಡ್‌ಹೆಡ್ ಇರುವ ಕಡೆ ಎಲೆಯೊಳಗೆ ಬೆರಳು ತೂರಿಸುವವರು ಹೊಲಿಗೆ ಹಾಕಿಸಿಕೊಳ್ಳಲು ಸಿದ್ಧರಿರಬೇಕು. ನನ್ನ ಸೊಂಟದಲ್ಲಿ ಯಾವಾಗಲೂ ಒಂದು ಹಳೆಯ ಮರದ ಸೌಟು ಇರುತ್ತದೆ. ಮರವಾದ್ದರಿಂದ ಯಂತ್ರ ಅದಕ್ಕೆ ಕೂಗುವುದಿಲ್ಲ. ಅದರಿಂದ ಮೂರು ಪದರ ಎಲೆ ಸರಿಸಿದೆ: ಮೇಲಿನದು ಗರಿಗರಿ, ನಡುವಿನದು ಒದ್ದೆ, ಕೆಳಗಿನದು ಚಹಾದ ಚರಟದಂಥ ಕಪ್ಪು. ಆ ಕಪ್ಪಿನಲ್ಲಿ ಒಂದು ಸಣ್ಣ ಸೀಳು. ಸೀಳಿನೊಳಗೆ ಬಾಣ, ಮಣ್ಣಿಗೆ ಸಮನಾಗಿ ಮಲಗಿತ್ತು. ಒಂದು ಗರಿಯೂ ಹೊರಗಿರಲಿಲ್ಲ.

ಇವರು ಮೊಣಕಾಲೂರಿ ಅದನ್ನೆತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು. ನೆತ್ತರಿಲ್ಲ. ಒಂದು ಕೂದಲೂ ಇಲ್ಲ. ಬಿಳಿ ಕರವಸ್ತ್ರದಿಂದ ಒರೆಸಿದರೆ ಬರಿಯ ಮಣ್ಣು. ಗುರಿ ತಪ್ಪಿತ್ತು. ಅವರಿಗೆ ಅರ್ಧ ನಿರಾಸೆ, ಅರ್ಧ ನೆಮ್ಮದಿ. ನನಗೆ ಇಡೀ ನೆಮ್ಮದಿ. ಅವತ್ತು ಮಧ್ಯಾಹ್ನ ಪಾಯಸ ಮಾಡಿದೆ. ಯಾಕೆಂದು ಅವರು ಕೇಳಲಿಲ್ಲ. ಆಯುಧಪೂಜೆಯಲ್ಲಿ ಬಿಲ್ಲಿನ ಪಕ್ಕ ಈ ಯಂತ್ರಕ್ಕೂ ಕುಂಕುಮ ಇಟ್ಟಿದ್ದು ವ್ಯರ್ಥವಾಗಲಿಲ್ಲ ಎಂದು ನಾನು ಮಾತ್ರ ಹೇಳಿದೆ.

ಕೊಳ್ಳುವವರಿಗೆ ಇನ್ನೆರಡು ಮಾತು. ವಿದ್ಯುತ್ ತಂತಿಯ ಕೆಳಗೆ, ದನದ ವಿದ್ಯುತ್ ಬೇಲಿಯ ಪಕ್ಕ ಇಂಥ ಯಂತ್ರ ಸುಮ್ಮನೆ ವಟವಟ ಎನ್ನುತ್ತದೆ. ನಮ್ಮದರಲ್ಲಿ ಎಂಟು ಹಂತದ ಸೂಕ್ಷ್ಮತೆಯಿದೆ, ಅದನ್ನು ಇಳಿಸಿಕೊಳ್ಳಿ. ಬೇಲಿಯ ಯಜಮಾನರು ಒಪ್ಪಿದರೆ ಹತ್ತು ನಿಮಿಷ ಬೇಲಿಯನ್ನೇ ಆರಿಸಿ. ಕೈಯಲ್ಲಿ ಹಿಡಿದು ಚುಚ್ಚಿ ನೋಡುವ ಪುಟ್ಟ ಶೋಧಕವೂ ಸಿಗುತ್ತದೆ. ನಾನು ಅಗ್ಗದ್ದೊಂದನ್ನು ತರಿಸಿದೆ, ಎರಡನೆಯ ಮಳೆಗೆ ಅದು ಕಣ್ಣು ಮುಚ್ಚಿತು. ಕೊಂಡರೆ ನೀರು ಹೊಗದ್ದನ್ನೇ ಕೊಳ್ಳಿ, ಇಲ್ಲದಿದ್ದರೆ ಸೌಟು ಸಾಕು. ಮುಖ್ಯವಾಗಿ, ಜಮೀನಿನವರ ಅನುಮತಿ ಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಲೋಹಶೋಧಕ ಬಳಸುವಂತಿಲ್ಲ. ಬೇರೆ ಸರ್ಕಾರಿ ಜಾಗಗಳಲ್ಲಿ ಅಲ್ಲಿನ ನಿಯಮ ಕೇಳಿಯೇ ಕಾಲಿಡಿ. ಊರಿನಲ್ಲಿ ಮಕ್ಕಳನ್ನು ಬಿಲ್ಲುಗಾರಿಕೆಗೆ ಕಳಿಸುವ ನನ್ನ ತಂಗಿಯಂಥವರಿಗೂ ಇದು ಉಪಯೋಗ. ಅಭ್ಯಾಸದ ಮೈದಾನದ ಹುಲ್ಲಿನಲ್ಲಿ ಉಳಿದ ಮೊನೆ ಬರಿಗಾಲಿನ ಹುಡುಗರಿಗೆ ಕಾಯುತ್ತಿರುತ್ತದೆ.

ಹೊಸದಕ್ಕೆ ನೂರಾರು ಡಾಲರ್ ಸುರಿಯಬೇಕೆ? ಬಾಣಕ್ಕಾಗಿ ಮಾತ್ರವಾದರೆ ಬೇಡ. ಆಳ ಬೇಕಾದವರು ನಿಧಿ ಹುಡುಕುವವರು. ನಮ್ಮ ಬಾಣ ಎಲೆಯಡಿ ಎರಡಂಗುಲದಲ್ಲಿರುತ್ತದೆ. ನನ್ನ 90 ಡಾಲರ್ ಏಪ್ರಿಲಿನಲ್ಲೇ ವಸೂಲಾಯಿತು, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಆಗಸ್ಟಿನಲ್ಲಿ ಯಜಮಾನರೇ ಫೋನ್ ಮಾಡಿದರು. ಟ್ರ್ಯಾಕ್ಟರಿನ ಕೊಂಡಿಯ ಪಿನ್ನು ಹೊಲದಲ್ಲಿ ಬಿದ್ದುಹೋಗಿತ್ತು. ಹೋಗಿ ಇಪ್ಪತ್ತು ನಿಮಿಷಕ್ಕೆ ಹುಡುಕಿಕೊಟ್ಟೆ, ಜೊತೆಗೆ ಎರಡು ಕುದುರೆ ಲಾಳವನ್ನೂ. ಲಾಳಗಳನ್ನು ಅವರು ಕೊಟ್ಟಿಗೆಯ ಬಾಗಿಲಿಗೆ ಹೊಡೆದಿದ್ದಾರೆ. ನನಗೆ ಎರಡು ಡಜನ್ ಸಿಹಿಜೋಳದ ತೆನೆ ಕೊಟ್ಟರು.

ಇದನ್ನು ಬರೆಯುತ್ತಿರುವುದು ನವೆಂಬರಿನ ಮೂರನೆಯ ವಾರ. 15ರಿಂದ ಬಂದೂಕಿನ ಬೇಟೆಗಾರರ ಕಾಲ, 30ರವರೆಗೆ ನಾನು ಆ ಕಡೆ ಕಾಲಿಡುವುದಿಲ್ಲ. ಲೆಕ್ಕದಲ್ಲಿ ಇನ್ನೂ ಮೂರು ಬಾಣ ಬಾಕಿ. ಅವುಗಳಲ್ಲಿ ಒಂದು ಓಕ್ ಮರದ ಮೇಲೆ, ಕವಲಿನಲ್ಲಿ ಸಿಕ್ಕಿಕೊಂಡಿದೆ ಎಂಬುದು ನನ್ನ ಗುಮಾನಿ. ಇವರು ಒಪ್ಪುವುದಿಲ್ಲ. ಅಷ್ಟು ಮೇಲಕ್ಕೆ ಯಾರಾದರೂ ಹೊಡೆಯುತ್ತಾರೆಯೇ ಎನ್ನುತ್ತಾರೆ.